ಮಂಗಳೂರಿನ ಮಗಳು, ಮಂಗಳೂರಿನ ಓಟಿಲ್ಲದೆ: ಮಾರ್ಗರೆಟ್ ಆಳ್ವ ಪ್ರಕರಣ

ಬಿ.ಎ. ಕೊನೆಯ ವರ್ಷದ ಮಕ್ಕಳಿಗೆ ನಾನು ಪ್ರತಿ ವರ್ಷ ಒಂದೇ ಪ್ರಶ್ನೆ ಕೇಳಿ ಈ ಪಾಠ ಶುರು ಮಾಡುತ್ತೇನೆ. ಮಂಗಳೂರು ಕ್ಷೇತ್ರದಲ್ಲಿ ಗೆದ್ದು ಲೋಕಸಭೆಗೆ ಹೋದ ಹೆಂಗಸರ ಹೆಸರು ಬರೆಯಿರಿ. ಐದು ನಿಮಿಷ ಸಮಯ. ಜಾಸ್ತಿ ಮಕ್ಕಳು ಮಾರ್ಗರೆಟ್ ಆಳ್ವ ಎಂದು ಬರೆಯುತ್ತಾರೆ. ಕೆಲವರು ಶೋಭಾ ಕರಂದ್ಲಾಜೆ ಹೆಸರನ್ನೂ ಸೇರಿಸುತ್ತಾರೆ. ಎರಡೂ ತಪ್ಪು. ಖಾಲಿ ಹಾಳೆ ಕೊಟ್ಟವರದ್ದೇ ಸರಿ ಉತ್ತರ.

1952ರಲ್ಲಿ ಗೆದ್ದ ಬೆನಗಲ್ ಶಿವರಾಯರಿಂದ ಹಿಡಿದು 2024ರಲ್ಲಿ ಗೆದ್ದ ಬ್ರಿಜೇಶ್ ಚೌಟರ ತನಕ ಈ ಕ್ಷೇತ್ರದಿಂದ ಹೋದವರೆಲ್ಲ ಗಂಡಸರೇ. ಕ್ಷೇತ್ರದ ಹೆಸರು ಬದಲಾಯಿತು, ಗಡಿ ಬದಲಾಯಿತು, ಗೆಲ್ಲುವ ಪಕ್ಷ ಬದಲಾಯಿತು. ಇದೊಂದು ಬದಲಾಗಲಿಲ್ಲ. ಪಕ್ಕದ ಉಡುಪಿ ಸ್ವಲ್ಪ ಪರವಾಗಿಲ್ಲ. 2004ರಲ್ಲಿ ಮನೋರಮಾ ಮಧ್ವರಾಜ್, ಉಡುಪಿ ಚಿಕ್ಕಮಗಳೂರು ಒಂದಾದ ಮೇಲೆ 2014 ಮತ್ತು 2019ರಲ್ಲಿ ಶೋಭಾ ಕರಂದ್ಲಾಜೆ ಅಲ್ಲಿಂದ ಗೆದ್ದರು.

ಹಾಗಾದರೆ ಮಾರ್ಗರೆಟ್ ಆಳ್ವ? 1942ರ ಏಪ್ರಿಲ್ 14ರಂದು ಮಂಗಳೂರಿನಲ್ಲಿ ಹುಟ್ಟಿದವರು. 24 ವರ್ಷ ರಾಜ್ಯಸಭೆ, ಒಂದು ಅವಧಿ ಲೋಕಸಭೆ, ಎರಡು ಸಲ ಕೇಂದ್ರ ಸರಕಾರದಲ್ಲಿ ಮಂತ್ರಿ, ರಾಜ್ಯಪಾಲರ ಹುದ್ದೆ, ಕೊನೆಗೆ ಉಪರಾಷ್ಟ್ರಪತಿ ಚುನಾವಣೆಯ ಅಭ್ಯರ್ಥಿ. ಇಷ್ಟೆಲ್ಲ ಆದರೂ ಲೋಕಸಭೆಗೆ ಹೋಗಿದ್ದು ಹುಟ್ಟಿದ ಊರಿನಿಂದ ಅಲ್ಲ. ಯಾಕೆ? ಇದೇ ನಮ್ಮ ಪ್ರಕರಣ. ಅವರನ್ನು ಹೊಗಳಲಿಕ್ಕೂ ತೆಗಳಲಿಕ್ಕೂ ನಾನು ಇದನ್ನು ಎತ್ತಿಕೊಂಡಿಲ್ಲ. ಹೆಂಗಸೊಬ್ಬಳು ದೆಹಲಿ ತಲುಪುವ ದಾರಿಯಲ್ಲಿ ಬಾಗಿಲ ಚಿಲಕ ಯಾರ ಕೈಯಲ್ಲಿರುತ್ತದೆ ಎಂದು ನೋಡಲಿಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ಕರಾವಳಿಯಲ್ಲಿ ನನಗೆ ಕಂಡಿಲ್ಲ.

ಅತ್ತೆಯ ಮನೆ

ಮದುವೆಗೆ ಮುಂಚೆ ಅವರ ಮನೆ ಹೆಸರು ನಜರೆತ್. ಓದಿದ್ದು ಬೆಂಗಳೂರಿನ ಮೌಂಟ್ ಕಾರ್ಮೆಲ್ ಕಾಲೇಜಿನಲ್ಲಿ, ಆಮೇಲೆ ಸರಕಾರಿ ಕಾನೂನು ಕಾಲೇಜಿನಲ್ಲಿ. 1964ರಲ್ಲಿ ನಿರಂಜನ ಆಳ್ವರ ಜೊತೆ ಮದುವೆ. ಈ ಮದುವೆ ಅವರನ್ನು ಸೇರಿಸಿದ್ದು ಎಂಥ ಮನೆಗೆ ಎಂದು ಸ್ವಲ್ಪ ನಿಧಾನವಾಗಿ ನೋಡಬೇಕು.

ಮಾವ ಜೋಕಿಂ ಆಳ್ವ. ಸ್ವಾತಂತ್ರ್ಯ ಹೋರಾಟದಲ್ಲಿ ಜೈಲಿಗೆ ಹೋದವರು, ವಕೀಲರು, ಪತ್ರಕರ್ತರು. 1952, 1957, 1962, ಮೂರು ಸಲ ಉತ್ತರ ಕನ್ನಡದಿಂದ ಲೋಕಸಭೆಗೆ ಗೆದ್ದರು. ಅತ್ತೆ ವಯಲೆಟ್ ಆಳ್ವ. 1952ರಲ್ಲೇ ರಾಜ್ಯಸಭೆಗೆ ಹೋದರು. ಗಂಡ ಹೆಂಡತಿ ಇಬ್ಬರೂ ಸಂಸತ್ತಿನಲ್ಲಿ ಕೂತ ಮೊದಲ ಜೋಡಿ ಇವರೇ. ವಯಲೆಟ್ ಗೃಹ ಖಾತೆಯ ಉಪಮಂತ್ರಿಯಾದರು. 1962ರಲ್ಲಿ ರಾಜ್ಯಸಭೆಯ ಉಪಸಭಾಪತಿಯಾದರು. ಆ ಕುರ್ಚಿಯಲ್ಲಿ ಕೂತ ಮೊದಲ ಹೆಂಗಸು.

ಸೊಸೆಯಾಗಿ ಬಂದ ಹುಡುಗಿಗೆ ಸಂಸತ್ತು ಎಂದರೆ ಪತ್ರಿಕೆಯಲ್ಲಿ ಓದುವ ವಿಷಯ ಆಗಿರಲಿಲ್ಲ. ಊಟದ ಹೊತ್ತಿನ ಮಾತು. ಯಾವ ಮಸೂದೆ ಯಾಕೆ ನಿಂತಿತು, ಯಾರ ಹತ್ತಿರ ಮೊದಲು ಮಾತಾಡಬೇಕು, ಸದನದಲ್ಲಿ ಎದ್ದು ನಿಲ್ಲುವುದು ಹೇಗೆ, ಇದನ್ನೆಲ್ಲ ಯಾವ ಕಾನೂನು ಕಾಲೇಜೂ ಕಲಿಸುವುದಿಲ್ಲ.

ಇದೇ ಮನೆ ಇನ್ನೊಂದು ಪಾಠವನ್ನೂ ಕಲಿಸಿತು. 1969ರಲ್ಲಿ ಉಪರಾಷ್ಟ್ರಪತಿ ಸ್ಥಾನಕ್ಕೆ ವಯಲೆಟ್ ಹೆಸರಿಗೆ ಪಕ್ಷದ ಬೆಂಬಲ ಸಿಗಲಿಲ್ಲ. ಏಳು ವರ್ಷ ಉಪಸಭಾಪತಿಯಾಗಿ ಸದನ ನಡೆಸಿದವರು, ಅದೇ ಸದನದ ಸಭಾಪತಿ ಆಗಲು ಆಗಲಿಲ್ಲ. ನಮ್ಮಲ್ಲಿ ಉಪರಾಷ್ಟ್ರಪತಿಯೇ ರಾಜ್ಯಸಭೆಯ ಸಭಾಪತಿ. ನವೆಂಬರಿನಲ್ಲಿ ವಯಲೆಟ್ ರಾಜೀನಾಮೆ ಕೊಟ್ಟರು. ಕೆಲವೇ ದಿನಗಳಲ್ಲಿ ತೀರಿಕೊಂಡರು.

ಮಾರ್ಗರೆಟ್ ರಾಜಕೀಯಕ್ಕೆ ಕಾಲಿಟ್ಟದ್ದೂ ಅದೇ 1969ರಲ್ಲಿ. ಕಾಂಗ್ರೆಸ್ ಒಡೆದ ವರ್ಷ. ಅವರು ಇಂದಿರಾ ಗಾಂಧಿಯವರ ಕಡೆ ನಿಂತರು.

ಎರಡು ಬಾಗಿಲು

1974ರಲ್ಲಿ ಕರ್ನಾಟಕದಿಂದ ರಾಜ್ಯಸಭೆಗೆ ಆಯ್ಕೆಯಾದಾಗ ಅವರಿಗೆ 32 ವರ್ಷ. ಅಲ್ಲಿಂದ 1980, 1986, 1992, ಹೀಗೆ ಒಟ್ಟು ನಾಲ್ಕು ಸಲ. 1998ರ ತನಕ ಬಿಡುವಿಲ್ಲದೆ ಅದೇ ಸದನ.

ರಾಜ್ಯಸಭೆಗೆ ಓಟು ಹಾಕುವವರು ಶಾಸಕರು. ಶಾಸಕರ ಮುಂದೆ ಯಾವ ಹೆಸರು ಇಡಬೇಕು ಎಂದು ತೀರ್ಮಾನ ಮಾಡುವುದು ಪಕ್ಷದ ಮೇಲಿನವರು. ಆದ್ದರಿಂದ ಈ ಬಾಗಿಲಿಗೆ ಒಂದೇ ಚಿಲಕ. ಹೈಕಮಾಂಡ್ ತೆಗೆದರೆ ಒಳಗೆ, ಇಲ್ಲವಾದರೆ ಹೊರಗೆ. ಲೋಕಸಭೆಯ ಬಾಗಿಲಿಗೆ ಎರಡು ಚಿಲಕ. ಮೊದಲು ಟಿಕೆಟ್, ಆಮೇಲೆ ಜನ.

ಮಕ್ಕಳು ಇಲ್ಲಿ ತಕ್ಷಣ ಒಂದು ಕಾರಣ ಕೊಡುತ್ತಾರೆ. ಅವರು ಕ್ರೈಸ್ತ ಸಮುದಾಯದವರು, ಅದಕ್ಕೇ ಇಲ್ಲಿ ಗೆಲ್ಲುವುದು ಕಷ್ಟ ಎಂದು ಪಕ್ಷ ಯೋಚಿಸಿರಬೇಕು ಎಂದು. ಕೇಳಲು ಸರಿ ಎನಿಸುತ್ತದೆ. ಆದರೆ ಉಡುಪಿಯನ್ನು ನೋಡಿ. ಅದೇ ಸಮುದಾಯದ ಆಸ್ಕರ್ ಫರ್ನಾಂಡಿಸ್ 1980ರಿಂದ 1996ರ ಚುನಾವಣೆವರೆಗೆ ಅಲ್ಲಿ ಐದು ಸಲ ಗೆದ್ದರು. ಆ ಕಾರಣ ಅಲ್ಲಿಗೇ ಬಿದ್ದುಹೋಯಿತು.

ನನಗೆ ಕಾಣುವ ಕಾರಣ ಇನ್ನೂ ಸರಳ. ಮಂಗಳೂರಿನ ಸೀಟು 1977, 1980, 1984, 1989ರಲ್ಲಿ ಜನಾರ್ದನ ಪೂಜಾರಿಯವರದ್ದು. ಉಡುಪಿಯ ಸೀಟು ಆಸ್ಕರ್ ಅವರದ್ದು. ಇಬ್ಬರೂ ಅದೇ ಪಕ್ಷದವರು, ಇಬ್ಬರೂ ಗೆಲ್ಲುವವರು. ಗೆಲ್ಲುವ ಗಂಡಸನ್ನು ಎಬ್ಬಿಸಿ ಆ ಜಾಗದಲ್ಲಿ ಹೆಂಗಸನ್ನು ಕೂರಿಸಿದ ಪಕ್ಷ ನಮ್ಮ ಕರಾವಳಿಯಲ್ಲಿ ಯಾವುದಿದೆ? ಕೂತವರು ಏಳುವುದಿಲ್ಲ. ಹೆಂಗಸಿಗೆ ಜಾಗ ಬೇಕಾದರೆ ಇನ್ನೊಂದು ಕೋಣೆಯಲ್ಲಿ ಹುಡುಕಬೇಕು. ಆ ಕೋಣೆಯೇ ರಾಜ್ಯಸಭೆ. ಯಾರ ದುರುದ್ದೇಶವೂ ಇದರಲ್ಲಿ ಬೇಕಿಲ್ಲ. ಸುಮ್ನೆ ಇದ್ದದ್ದು ಇದ್ದ ಹಾಗೆ ಮುಂದುವರಿದರೆ ಸಾಕು, ಹೆಂಗಸು ಹೊರಗೇ ಉಳಿಯುತ್ತಾಳೆ.

ಆ ಕೋಣೆಯಲ್ಲಿ ಕೂತು ಮಾಡಿದ್ದು

ರಾಜ್ಯಸಭೆಗೆ ಒಂದು ಲಾಭ ಇದೆ. ಆರು ವರ್ಷ ಕೆಲಸ ಮಾಡಬಹುದು, ಊರಿನ ರಸ್ತೆ ಉದ್ಘಾಟನೆಗೆ ಓಡಬೇಕಿಲ್ಲ. ಆಳ್ವರು ಈ ಲಾಭವನ್ನು ಚೆನ್ನಾಗಿ ಬಳಸಿಕೊಂಡರು ಎಂದೇ ನಾನು ಹೇಳುತ್ತೇನೆ.

1984ರ ಕೊನೆಯಲ್ಲಿ ರಾಜೀವ್ ಗಾಂಧಿ ಸರಕಾರದಲ್ಲಿ ಸಂಸದೀಯ ವ್ಯವಹಾರಗಳ ರಾಜ್ಯ ಸಚಿವೆ. 1985ರಲ್ಲಿ ಮಾನವ ಸಂಪನ್ಮೂಲ ಸಚಿವಾಲಯದ ಒಳಗೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿಗೆ ಬೇರೆಯೇ ಇಲಾಖೆ ಆಯಿತು. ಅದು ಮತ್ತು ಯುವಜನ, ಕ್ರೀಡೆ ಇವರ ಕೈಗೆ ಬಂತು. 1989ರ ತನಕ ಅಲ್ಲೇ ಇದ್ದರು. ಹೊಸ ಇಲಾಖೆ ಎಂದರೆ ಕುರ್ಚಿ ಮೇಜಿನಿಂದ ಹಿಡಿದು ಎಲ್ಲ ಹೊಸದಾಗಿ ಕಟ್ಟಬೇಕು. ಇಳಾ ಭಟ್ ಅಧ್ಯಕ್ಷತೆಯ ರಾಷ್ಟ್ರೀಯ ಆಯೋಗ ಕೂತದ್ದು ಈ ಅವಧಿಯಲ್ಲೇ. ಮನೆಯಲ್ಲಿ, ಹೊಲದಲ್ಲಿ, ಬೀದಿಯಲ್ಲಿ ದುಡಿಯುವ, ಯಾವ ಲೆಕ್ಕಕ್ಕೂ ಸಿಗದ ಹೆಂಗಸರ ಬಗ್ಗೆ ಅದು 1988ರಲ್ಲಿ ವರದಿ ಕೊಟ್ಟಿತು. ನಮ್ಮ ಜಿಲ್ಲೆಯ ಬೀಡಿ ಕಟ್ಟುವ ಹೆಂಗಸರು ಇಂಥ ದುಡಿಮೆಗಾರರೇ ಅಲ್ವಾ?

ಅದೇ ವರ್ಷ, 1988ರಿಂದ 2000ದ ತನಕದ ರಾಷ್ಟ್ರೀಯ ಮಹಿಳಾ ಯೋಜನೆ ಇದೇ ಇಲಾಖೆಯಿಂದ ಹೊರಬಂತು. ಅದರ ಒಂದು ಸಾಲು ದೇಶದ ಲಕ್ಷಾಂತರ ಹೆಂಗಸರ ಬದುಕನ್ನು ಮುಟ್ಟಿತು: ಪಂಚಾಯತಿನಿಂದ ಜಿಲ್ಲಾ ಮಟ್ಟದವರೆಗೆ ಶೇಕಡಾ 30 ಸೀಟು ಹೆಂಗಸರಿಗೆ ಮೀಸಲಿಡಬೇಕು.

ಇಲ್ಲಿ ನ್ಯಾಯವಾಗಿ ಎರಡು ಮಾತು ಸೇರಿಸಬೇಕು. ಒಂದು, ಕರ್ನಾಟಕ ಆಗಲೇ ಮುಂದಿತ್ತು. ರಾಮಕೃಷ್ಣ ಹೆಗಡೆ ಸರಕಾರದಲ್ಲಿ ಅಬ್ದುಲ್ ನಜೀರ್ ಸಾಬ್ ತಂದ 1983ರ ಕಾಯ್ದೆ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತಿಗಳಲ್ಲಿ ಹೆಂಗಸರಿಗೆ ಶೇಕಡಾ 25 ಕೊಟ್ಟಿತ್ತು. 1987ರಲ್ಲಿ ಆ ಚುನಾವಣೆ ನಡೆದೂ ಆಗಿತ್ತು. ಇನ್ನೊಂದು, ದೆಹಲಿಯಲ್ಲಿ ಈ ಕೆಲಸ ಒಬ್ಬರದ್ದಲ್ಲ. ಪಂಚಾಯತಿಗಳನ್ನು ಸಂವಿಧಾನಕ್ಕೆ ಸೇರಿಸುವ 1989ರ ಮಸೂದೆ ಲೋಕಸಭೆಯಲ್ಲಿ ಪಾಸಾಗಿ ರಾಜ್ಯಸಭೆಯಲ್ಲಿ ಬಿದ್ದುಹೋಯಿತು. ನರಸಿಂಹ ರಾವ್ ಸರಕಾರ ಮತ್ತೆ ತಂದು 1992ರ ಡಿಸೆಂಬರಿನಲ್ಲಿ ಪಾಸು ಮಾಡಿಸಿದಾಗ ಅದನ್ನು ನಡೆಸಿಕೊಂಡು ಹೋದದ್ದು ಗ್ರಾಮೀಣಾಭಿವೃದ್ಧಿ ಸಚಿವಾಲಯ. ಆಳ್ವರು ಆಗ ಸಿಬ್ಬಂದಿ ಖಾತೆಯ ರಾಜ್ಯ ಸಚಿವೆ. ಆದರೆ ಹೆಂಗಸರ ಪಾಲಿನ ಮಾತು ಸರಕಾರದ ಕಾಗದದ ಮೇಲೆ ಬಂದು ಕೂತದ್ದು ಅವರ ಇಲಾಖೆಯಲ್ಲಿ. ಆ ಪಾಲು ಮೂರನೇ ಒಂದು ಭಾಗವಾಗಿ ಸಂವಿಧಾನದ 73ನೇ ತಿದ್ದುಪಡಿಗೆ ಸೇರಿತು. 1993ರ ಏಪ್ರಿಲ್ 24ರಿಂದ ಜಾರಿ.

ದೊಡ್ಡಮ್ಮನ ಗೆರೆ

ಅದೇ ವರ್ಷ ಡಿಸೆಂಬರಿನಲ್ಲಿ ಕರ್ನಾಟಕದಲ್ಲಿ ಗ್ರಾಮ ಪಂಚಾಯತ್ ಚುನಾವಣೆ ನಡೆಯಿತು. ಬಿ.ಸಿ. ರೋಡಿನಿಂದ ಒಳಗೆ, ಬಂಟ್ವಾಳ ತಾಲೂಕಿನ ಒಂದು ಹಳ್ಳಿಯಲ್ಲಿ ನನ್ನ ದೊಡ್ಡಮ್ಮನ ವಾರ್ಡು ಹೆಂಗಸರಿಗೆ ಬಂತು. ದೊಡ್ಡಮ್ಮ ಏಳನೇ ಕ್ಲಾಸು ಓದಿದವರು. ಮೂವತ್ತು ವರ್ಷ ಬೀಡಿ ಕಟ್ಟಿದವರು. ಬ್ರಾಂಚಿಗೆ ಬೀಡಿ ಕೊಡಲು ಹೋದಾಗ ಲೆಕ್ಕದಲ್ಲಿ ಹತ್ತು ಪೈಸೆ ಆಚೀಚೆ ಆದರೂ ಬಿಡುತ್ತಿರಲಿಲ್ಲ. ಊರಿನ ನಾಲ್ಕು ಜನ ಗಂಡಸರು ಬಂದು ಜಗಲಿಯಲ್ಲಿ ಕೂತು, "ಒಂದು ಹೆಸರು ಬೇಕಿತ್ತು, ನೀವು ನಿಂತರೆ ಸಾಕು, ಉಳಿದದ್ದು ನಾವು ನೋಡಿಕೊಳ್ಳುತ್ತೇವೆ ಅಕ್ಕ" ಎಂದರು.

ಗೆದ್ದರು. ಮೊದಲ ಕೆಲವು ಸಭೆಗಳಲ್ಲಿ ಚಹಾ ಕುಡಿದು ಸಹಿ ಹಾಕಿ ಬಂದರು. ಒಂದು ದಿನ ಸಹಿಗೆ ಬಂದ ನಡಾವಳಿ ಪುಸ್ತಕವನ್ನು ಮಡಿಲಲ್ಲಿ ಇಟ್ಟುಕೊಂಡು ಓದಲು ಕೂತರು. ಹೊಗೆಸೊಪ್ಪಿನ ಕಂದು ಕಲೆ ಹಿಡಿದ ತೋರು ಬೆರಳು ಸಾಲಿನಿಂದ ಸಾಲಿಗೆ ಹೋಗುತ್ತಿತ್ತು. ಉಳಿದವರು ಎದ್ದು ಹೊರಡಲು ತಯಾರಾಗಿ ನಿಂತಿದ್ದರು. ನಿರ್ಣಯ ಮುಗಿದ ಮೇಲೆ ಕೆಳಗೆ ನಾಲ್ಕು ಸಾಲು ಖಾಲಿ ಬಿಟ್ಟಿತ್ತು. ದೊಡ್ಡಮ್ಮ ಕೇಳಿದರು, "ಇದು ಯಾಕೆ ಖಾಲಿ?"

"ಅದು ಹಾಗೇ, ರೂಢಿ."

ದೊಡ್ಡಮ್ಮ ಪೆನ್ನು ತೆಗೆದುಕೊಂಡು ಆ ನಾಲ್ಕು ಸಾಲಿನ ಮೇಲೆ ಓರೆಯಾಗಿ ಒಂದು ಗೆರೆ ಎಳೆದರು. ಅದರ ಕೆಳಗೆ ಸಹಿ ಹಾಕಿದರು. ಬೀಡಿ ಬ್ರಾಂಚಿನ ಪಾಸ್ ಪುಸ್ತಕದಲ್ಲಿ ಖಾಲಿ ಜಾಗ ಬಿಟ್ಟರೆ ಏನಾಗುತ್ತದೆ ಎಂದು ಅವರಿಗೆ ಗೊತ್ತಿತ್ತು. ಆಮೇಲೆ ಐದು ವರ್ಷ ಪ್ರತಿ ಸಭೆಯಲ್ಲೂ ಆ ಗೆರೆ.

ಅವರು ಹಟ ಹಿಡಿದು ಮಾಡಿಸಿದ ಕೆಲಸ ಒಂದು ಕಾಲುಸಂಕ. ಶಾಲೆಗೆ ಹೋಗುವ ದಾರಿಯಲ್ಲಿ ಒಂದು ತೋಡು ಇದೆ. ಅದರ ಮೇಲೆ ಎರಡು ಅಡಿಕೆ ಮರ ಹಾಕಿದ್ದರು. ಜೂನ್ ಬಂದರೆ ಮಕ್ಕಳ ಅಮ್ಮಂದಿರು ತೋಡಿನ ಆಚೆ ಬದಿ ಕೊಡೆ ಹಿಡಿದು ಕಾಯುವುದು ನನಗೂ ನೆನಪಿದೆ. ಈಗ ಅಲ್ಲಿ ಕೈತಾಂಗು ಇರುವ ಕಾಂಕ್ರೀಟ್ ಸಂಕ ಇದೆ.

ಮುಂದಿನ ಚುನಾವಣೆಗೆ ವಾರ್ಡಿನ ಮೀಸಲಾತಿ ಬದಲಾಯಿತು, ಸಾಮಾನ್ಯ ಅಂತ ಆಯಿತು. ಮತ್ತೆ ನಿಲ್ಲುತ್ತೇನೆ ಎಂದರು ದೊಡ್ಡಮ್ಮ. ಅದೇ ನಾಲ್ಕು ಜನ ಮತ್ತೆ ಜಗಲಿಗೆ ಬಂದರು. "ಈ ಸಲ ಜನರಲ್ ಅಲ್ವಾ ಅಕ್ಕ, ಗಂಡಸರಿಗೆ ಬಿಡಿ" ಎಂದರು. ಸಾಮಾನ್ಯ ವಾರ್ಡು ಎಂದರೆ ಗಂಡಸರ ವಾರ್ಡು ಎಂದು ಯಾವ ಕಾಯ್ದೆಯೂ ಹೇಳುವುದಿಲ್ಲ. ಆದರೆ ನಮ್ಮ ಊರುಗಳಲ್ಲಿ ಇವತ್ತಿಗೂ ಜಾಸ್ತಿ ಕಡೆ ನಡೆಯುವುದು ಇದೇ ಲೆಕ್ಕ. ದೊಡ್ಡಮ್ಮ ನಿಲ್ಲಲಿಲ್ಲ. ಆ ಸಿಟ್ಟು ನನಗೆ ಇನ್ನೂ ಹೋಗಿಲ್ಲ.

ಪಾಠದಲ್ಲಿ ಮನೆಯ ಕಥೆ ಯಾಕೆ ಎಂದು ಒಮ್ಮೆ ಒಬ್ಬ ಹುಡುಗ ಕೇಳಿದ್ದ. ಎರಡು ಕಥೆಯಲ್ಲೂ ಚಿಲಕ ತೆಗೆದವರು ಮತ್ತು ಹಾಕಿದವರು ಒಬ್ಬರೇ, ಅದಕ್ಕೆ ಎಂದಿದ್ದೆ. ದೊಡ್ಡಮ್ಮನ ಜಗಲಿಗೆ ಬಂದ ನಾಲ್ಕು ಜನ ಮತ್ತು ದೆಹಲಿಯ ಹೈಕಮಾಂಡ್ ಮಾಡುವ ಕೆಲಸ ಒಂದೇ. ಹೆಸರು ಬೇಕಾದಾಗ ಬರುತ್ತಾರೆ.

ಬಾಗಿಲು ಹಾಕಿದಾಗ

1998ರಲ್ಲಿ ಆಳ್ವರ ನಾಲ್ಕನೇ ಅವಧಿ ಮುಗಿಯಿತು. 1999ರಲ್ಲಿ, 57ನೇ ವಯಸ್ಸಿನಲ್ಲಿ, ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತು ಅನಂತಕುಮಾರ ಹೆಗಡೆ ಎದುರು ಗೆದ್ದರು. ಮಾವನ ಹಳೆಯ ಕ್ಷೇತ್ರ. ಭಟ್ಕಳ, ಹೊನ್ನಾವರ, ಕುಮಟಾ, ಅಂಕೋಲಾ ದಾಟಿ ಕಾರವಾರ, ಘಟ್ಟದ ಮೇಲೆ ಶಿರಸಿ, ಹಳಿಯಾಳ. ಜನರ ಓಟಿನಿಂದ ಸಂಸತ್ತಿಗೆ ಹೋದದ್ದು ಅದೊಂದೇ ಸಲ. ಆ ಐದು ವರ್ಷ ಮಹಿಳಾ ಸಬಲೀಕರಣದ ಸಂಸದೀಯ ಸಮಿತಿಯ ಅಧ್ಯಕ್ಷೆಯಾಗಿದ್ದರು. 2004ರಲ್ಲಿ ಸೋತರು. 2009ರಲ್ಲೂ ಅಲ್ಲೇ ಸೋತರು.

ನಡುವೆ 2008 ಇದೆ. ಅವರು ಆಗ ಪಕ್ಷದ ಪ್ರಧಾನ ಕಾರ್ಯದರ್ಶಿ. ಕರ್ನಾಟಕ ವಿಧಾನಸಭೆ ಚುನಾವಣೆಯ ಟಿಕೆಟ್ ಹಂಚುವಾಗ ದುಡ್ಡು ನಡೆದಿದೆ ಎಂದು ಬಹಿರಂಗವಾಗಿ ಹೇಳಿದರು. ಪಕ್ಷ ಅದನ್ನು ಒಪ್ಪಲಿಲ್ಲ. ಅವರ ಮಗನಿಗೆ ಟಿಕೆಟ್ ಸಿಗದ ಹೊತ್ತು ಅದು, ಅದಕ್ಕೇ ಈ ಮಾತು ಎಂದು ಟೀಕೆ ಬಂತು. ಆ ಟೀಕೆಯನ್ನು ನಾನು ತರಗತಿಯಲ್ಲಿ ಮುಚ್ಚಿಡುವುದಿಲ್ಲ. ಕುಟುಂಬದ ಬಲದಿಂದ ಬಾಗಿಲು ತೆಗೆದವರ ಮೇಲೆ ಕುಟುಂಬದ ಪ್ರಶ್ನೆ ಬಂದೇ ಬರುತ್ತದೆ. ಆದರೆ ಫಲಿತಾಂಶ ನೋಡಿ. ಹುದ್ದೆ ಹೋಯಿತು. 34 ವರ್ಷ ದೆಹಲಿಯಲ್ಲಿ ಕೆಲಸ ಮಾಡಿದವರಿಗೆ ಆ ದಿನ ತಮ್ಮದು ಎಂದು ಹೇಳಿಕೊಳ್ಳುವ ಒಂದು ಕ್ಷೇತ್ರ ಇರಲಿಲ್ಲ. ಬೆನ್ನಿಗೆ ಊರು ನಿಂತ ನಾಯಕನನ್ನು ಪಕ್ಷ ಅಷ್ಟು ಸುಲಭವಾಗಿ ದೂರ ಮಾಡುವುದಿಲ್ಲ. ರಾಜ್ಯಸಭೆಯ ದಾರಿಗೆ ತೆರಬೇಕಾದ ಬೆಲೆ ಇದು. ಅದು ಕಾಣಿಸುವುದು ಜಗಳ ಆದ ದಿನ.

2009ರ ಆಗಸ್ಟಿನಲ್ಲಿ ಉತ್ತರಾಖಂಡದ ರಾಜ್ಯಪಾಲರಾದರು. ಆ ರಾಜ್ಯಕ್ಕೆ ಮೊದಲ ಮಹಿಳಾ ರಾಜ್ಯಪಾಲರು. 2012ರಿಂದ 2014ರ ತನಕ ರಾಜಸ್ಥಾನ, ಕೊನೆಯಲ್ಲಿ ಸ್ವಲ್ಪ ದಿನ ಗುಜರಾತ್ ಮತ್ತು ಗೋವಾದ ಹೊಣೆ. ಇದು ಗೌರವದ ಹುದ್ದೆ, ಆದರೆ ರಾಜಕೀಯದಿಂದ ಹೊರಗಿನ ಹುದ್ದೆ. ಇದರ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ.

ಇನ್ನು ಈಗಿನ ಕಾಯ್ದೆಯ ಮಾತು. ಲೋಕಸಭೆ ಮತ್ತು ವಿಧಾನಸಭೆಗಳಲ್ಲಿ ಹೆಂಗಸರಿಗೆ ಮೂರನೇ ಒಂದು ಪಾಲು ಎಂಬ ಮಸೂದೆ ಮೊದಲು ಬಂದದ್ದು 1996ರಲ್ಲಿ, ದೇವೇಗೌಡರು ಪ್ರಧಾನಿಯಾಗಿದ್ದಾಗ. 2010ರಲ್ಲಿ ರಾಜ್ಯಸಭೆ ಪಾಸು ಮಾಡಿತು, ಲೋಕಸಭೆಗೆ ಬರಲೇ ಇಲ್ಲ. 2023ರ ಸೆಪ್ಟೆಂಬರಿನಲ್ಲಿ ಎರಡೂ ಸದನ ಒಪ್ಪಿದವು, ಲೋಕಸಭೆಯಲ್ಲಿ 454ಕ್ಕೆ 2, ರಾಜ್ಯಸಭೆಯಲ್ಲಿ 214ಕ್ಕೆ ಸೊನ್ನೆ. ಆದರೆ ಜಾರಿಗೆ ಜನಗಣತಿ ಆಗಬೇಕು, ಆಮೇಲೆ ಕ್ಷೇತ್ರ ಮರುವಿಂಗಡಣೆ ಆಗಬೇಕು. 2024ರ ಚುನಾವಣೆ ಹಳೆಯ ಲೆಕ್ಕದಲ್ಲೇ ನಡೆಯಿತು. 543ರಲ್ಲಿ 74 ಹೆಂಗಸರು ಗೆದ್ದರು.

ಈ ಕಾಯ್ದೆಯಲ್ಲಿ ರಾಜ್ಯಸಭೆ ಇಲ್ಲ ಎಂಬುದನ್ನು ನಾನು ಮಕ್ಕಳಿಗೆ ಎರಡು ಸಲ ಹೇಳುತ್ತೇನೆ. ಆಳ್ವರು ಹೋದ ಬಾಗಿಲಿಗೆ ಮೀಸಲಾತಿ ಮುಟ್ಟಿಲ್ಲ, ಅದು ಇನ್ನೂ ಮೇಲಿನವರ ಮರ್ಜಿ. ಅವರಿಗೆ ಸಿಗದ ಬಾಗಿಲಿಗೆ ಮೀಸಲಾತಿ ಬರಲಿದೆ. ಮಂಗಳೂರಿಗೆ ಆ ಸರದಿ ಎಂದು ಬರುತ್ತದೋ, ಆ ಸರದಿ ಮುಗಿದ ಮೇಲೆ "ಈ ಸಲ ಜನರಲ್ ಅಲ್ವಾ" ಎಂದು ಯಾರಾದರೂ ಜಗಲಿಗೆ ಬರುತ್ತಾರೋ, ಅದನ್ನು ಈಗಿನ ಮಕ್ಕಳು ನೋಡುತ್ತಾರೆ.

2022ರ ಜುಲೈನಲ್ಲಿ ವಿರೋಧ ಪಕ್ಷಗಳು ಉಪರಾಷ್ಟ್ರಪತಿ ಚುನಾವಣೆಗೆ ಆಳ್ವರ ಹೆಸರು ಹೇಳಿದವು. ಅತ್ತೆಗೆ ಸಿಗದೆ ಹೋದ ಅದೇ ಸ್ಥಾನ, 53 ವರ್ಷ ಆದ ಮೇಲೆ. ಗೆಲ್ಲುವ ಲೆಕ್ಕ ಮೊದಲೇ ಇರಲಿಲ್ಲ. ಆದರೂ 80ನೇ ವಯಸ್ಸಿನಲ್ಲಿ ನಿಂತರು. ಆಗಸ್ಟ್ 6ರ ಸಂಜೆ ನಾನು ದೊಡ್ಡಮ್ಮನ ಮನೆಯಲ್ಲಿದ್ದೆ. ಹೊರಗೆ ಮಳೆ. ಟಿ.ವಿ.ಯಲ್ಲಿ ಫಲಿತಾಂಶ ಬಂತು, ಜಗದೀಪ್ ಧನಕರ್ 528, ಮಾರ್ಗರೆಟ್ ಆಳ್ವ 182. ದೊಡ್ಡಮ್ಮ ಅವರಿಗಿಂತ ಎರಡು ವರ್ಷ ಚಿಕ್ಕವರು. ಕನ್ನಡಕ ಹಾಕಿಕೊಂಡು ಪರದೆಯ ಅಂಕಿಯನ್ನು ಓದಿದರು.

"ಇದಕ್ಕೆ ನಮ್ಮ ಓಟು ಇಲ್ವಾ?"

ಇಲ್ಲ ದೊಡ್ಡಮ್ಮ, ಸಂಸದರದ್ದು ಮಾತ್ರ ಎಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಇಷ್ಟು ವರ್ಷದಲ್ಲಿ ಅವರಿಗೆ ಓಟು ಹಾಕಲಿಕ್ಕೆ ನನಗೆ ಒಂದು ಸಲವೂ ಸಿಗಲಿಲ್ಲ ನೋಡು" ಎಂದರು. ಟಿ.ವಿ. ಆಫ್ ಮಾಡಿ ಅಡುಗೆ ಮನೆಗೆ ಹೋದರು.